ಹಸಿರು ಡಬ್ಬಿಯ ಪುಡಿ

ಕೂಡ್ಲಿಗಿ
12 ಜನವರಿ 2024

ನನ್ನ ಗಡ್ಡೆಯನ್ನು ಪರೀಕ್ಷೆ ಮಾಡುತ್ತಿರುವವರಿಗೆ ನಮಸ್ಕಾರಗಳು.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನನ್ನ ಹೆಸರು ಗಂಗಾಂಬಿಕಾ. ಕೂಡ್ಲಿಗಿ ಡಿಪೋದಲ್ಲಿ ಹತ್ತೊಂಬತ್ತು ವರ್ಷದಿಂದ ಬಸ್ ಕಂಡಕ್ಟರ್. ಕೊಟ್ಟೂರು ಮೇಲೆ ಹಾದು ಹರಪನಹಳ್ಳಿಗೆ ಹೋಗುವ ಬಸ್ಸು ನನ್ನದು. ಹೆಗಲಿಗೆ ಹಾಕಿದ ಚೀಲದ ಪಟ್ಟಿ ಎದೆಯ ಒಂದೇ ಜಾಗದಲ್ಲಿ ಒತ್ತಿ ನೋಯುತ್ತಿತ್ತು. ಪಟ್ಟಿ ಬದಲಿಸಿದರೂ ನೋವು ಹೋಗಲಿಲ್ಲ. ಹಾಗೆ ಗೊತ್ತಾಯಿತು.

ಡಿಸೆಂಬರ್ ಹದಿನಾಲ್ಕಕ್ಕೆ ನಿಮ್ಮ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹಿಂದಿನ ದಿನ ಆಪ್ತಸಮಾಲೋಚಕಿ ಪುಷ್ಪಲತಾ ಮೇಡಂ ಬಂದು, ತೆಗೆದ ಗಡ್ಡೆಯಲ್ಲಿ ಒಂದು ತುಂಡನ್ನು ಸಂಶೋಧನೆಗೆ ಕೊಡುತ್ತೀರಾ, ಒತ್ತಾಯವಿಲ್ಲ ಎಂದು ಕೇಳಿದರು. ನಾನು ಸಹಿ ಮಾಡಿದೆ. ಮನೆಗೆ ಬಂದ ಮೇಲೆ ನಮ್ಮ ಅತ್ತೆ ಕೇಳಿದರು, "ಮೈಯಾಗಿನ್ದು ಕೊಟ್ಟು ಬಂದೀಯಲ್ಲ, ಅದನ್ನ ಏನ್ ಮಾಡ್ತಾರಂತ ಕೇಳಿದ್ಯಾ?" ಕೇಳಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಒಂದು ಗಂಟು ಬಿಟ್ಟು ಹೋದರೂ ಬರೆದಿಟ್ಟುಕೊಂಡು ಕೊಡುವವಳು ನಾನು. ನನ್ನದನ್ನೇ ಕೇಳದೆ ಬಂದೆನಲ್ಲ ಎನ್ನಿಸಿತು.

ದೂರು ಹೇಳಲು ಬರೆಯುತ್ತಿಲ್ಲ. ನನ್ನ ಮೈಯಲ್ಲಿ ಕೆಟ್ಟದ್ದಾಗಿ ಬೆಳೆದದ್ದು ಯಾರದಾದರೂ ಉಪಯೋಗಕ್ಕೆ ಬರುತ್ತದೆ ಎಂದರೆ ಸಮಾಧಾನವೇ. ಅದನ್ನು ಏನು ಮಾಡುತ್ತೀರಿ ಎಂದು ತಿಳಿಯುವ ಆಸೆ, ಅಷ್ಟೇ. ನಿಮಗೆ ಪುರುಸೊತ್ತಾದರೆ ನಾಲ್ಕು ಸಾಲು ಬರೆಯಿರಿ. ಕೀಮೋ ಮೊನ್ನೆ ಶುರುವಾಗಿದೆ. ಎಂಟು ಸಲ ಕೊಡುತ್ತಾರಂತೆ.

ಇಂತಿ,
ಗಂಗಾಂಬಿಕಾ


20 ಫೆಬ್ರವರಿ 2024

ಗಂಗಾಂಬಿಕಾ ಮೇಡಂ ಅವರಿಗೆ,

ಉತ್ತರ ತಡವಾಯಿತು, ಕ್ಷಮಿಸಿ. ಪುಷ್ಪಲತಾ ಮೇಡಂ ನಿಮ್ಮ ಪತ್ರ ತಂದಾಗ ನಮ್ಮ ಪ್ರಯೋಗಾಲಯದ ಏಳು ಜನರಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಉಳಿದವರಿಗೆ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಓದಿ ಹೇಳಿದೆ. ಬಸ್ಸಿನಲ್ಲಿ ಬಿಟ್ಟುಹೋದ ಗಂಟಿನ ಮಾತನ್ನು ಮತ್ತೊಮ್ಮೆ ಓದಿಸಿದರು. ನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇವೆ, ತುಂಡು ಕೊಟ್ಟವರು ಒಬ್ಬರೂ ನಮಗೆ ಬರೆದಿರಲಿಲ್ಲ.

ಮೊದಲು ಒಂದು ನಿಯಮ ಹೇಳಿಬಿಡುತ್ತೇನೆ. ಯಾವ ತುಂಡು ಯಾರದು ಎಂದು ನಮಗೆ ತಿಳಿಯಬಾರದು, ನಮ್ಮ ಬಳಿ ಬರುವುದು ನಂಬರ್ ಮಾತ್ರ. ನಾನು ವೈದ್ಯೆಯೂ ಅಲ್ಲ. ಆದರೆ ಏನು ಮಾಡುತ್ತೇವೆ ಎಂದು ಹೇಳಬಹುದು.

ನಮ್ಮ ಜೀವಕೋಶಗಳು ಉಸಿರಾಡುವಾಗ ಪೆರಾಕ್ಸೈಡ್ ಎಂಬುದನ್ನು ಬಹಳ ಸ್ವಲ್ಪ ಹುಟ್ಟಿಸುತ್ತವೆ. ಗಾಯದ ಮೇಲೆ ನರ್ಸು ಸುರಿದಾಗ ಬುಸುಬುಸು ನೊರೆ ಬರುತ್ತದಲ್ಲ, ಅದೇ. ಇನ್ನು ಕೋಶದ ಕೆಲಸವನ್ನೆಲ್ಲ ಮಾಡುವುದು ಪ್ರೋಟೀನುಗಳು. ಅವುಗಳಲ್ಲಿ ಅಲ್ಲಲ್ಲಿ ಗಂಧಕ ಇರುತ್ತದೆ. ನಮ್ಮಪ್ಪ ಕುರಿ ಸಾಕುತ್ತಾನೆ. ಉಣ್ಣೆಯ ಎಳೆ ಸುಟ್ಟು ಮೂಸಿ ಅಸಲಿಯೋ ನಕಲಿಯೋ ಹೇಳುತ್ತಾನೆ. ಆ ವಾಸನೆ ಪ್ರೋಟೀನಿನ ಗಂಧಕದ್ದು. ಪೆರಾಕ್ಸೈಡ್ ಆ ಗಂಧಕವನ್ನು ಮುಟ್ಟಿದರೆ ಪ್ರೋಟೀನಿನ ಆಕಾರ ಬದಲಾಗುತ್ತದೆ, ಆಕಾರದ ಜೊತೆ ನಡತೆಯೂ. "ಸಾಕು, ಬೆಳೆಯಬೇಡ" ಎಂದು ಕೋಶಕ್ಕೆ ಹೇಳುವ ಪ್ರೋಟೀನು ಬಾಯಿ ಮುಚ್ಚಬಹುದು. ಇದ್ದಲ್ಲಿ ಇರುವ ಕೋಶ ಜಾಗ ಬಿಟ್ಟು ಹೊರಡಬಹುದು. ಕ್ಯಾನ್ಸರ್ ಕೋಶದಲ್ಲಿ ಈ ಪೆರಾಕ್ಸೈಡ್ ಹೆಚ್ಚು. ನಿಮ್ಮಂಥವರು ಕೊಟ್ಟ ತುಂಡಿನಲ್ಲಿ ಯಾವ ಯಾವ ಪ್ರೋಟೀನು ಹೀಗೆ ಬದಲಾಗಿದೆ ಎಂದು ಒಂದೊಂದಾಗಿ ಹುಡುಕುವುದು ನನ್ನ ಕೆಲಸ. ಒಂದು ತುಂಡಿಗೆ ಎರಡು ತಿಂಗಳು ಹಿಡಿಯುತ್ತದೆ. ಯಾವುದನ್ನೂ ಸುಮ್ಮನೆ ಎಸೆಯುವುದಿಲ್ಲ, ಅತ್ತೆಯವರಿಗೆ ಹೇಳಿ.

ನಮ್ಮೂರು ಹಿರೇಹಡಗಲಿ. ಪತ್ರದಲ್ಲಿ ಕೊಟ್ಟೂರು ಎಂದು ಓದಿದ ಕೂಡಲೇ ಊರಿಗೆ ಹೋಗಿ ಬಂದಂತಾಯಿತು. ನಿಮಗೆ ನಾನು ಋಣಿ.

ನಿಮ್ಮ,
ಕೀರ್ತನಾ


ಕೂಡ್ಲಿಗಿ
15 ಮಾರ್ಚ್ 2024

ಪ್ರೀತಿಯ ಕೀರ್ತನಾ,

ಮೇಡಂ ಅನ್ನಬೇಡ, ಅಕ್ಕ ಅನ್ನು. ನಿನ್ನ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. "ಹಿರೇಹಡಗಲಿ ಕುರಿಯವರ ಹುಡುಗಿ ಇಷ್ಟು ಓದ್ಯಾಳಾ!" ಎಂದು ಎರಡು ಸಲ ಹೇಳಿದರು. ಡಿಪೋದ ಗೆಳತಿಯರಿಗೂ ತೋರಿಸಿದೆ.

ನಾಲ್ಕನೇ ಕೀಮೋ ಮುಗಿಯಿತು. ಕೂದಲು ಹೋಗಿದೆ. ಬಾಯಿಗೆ ರುಚಿಯಿಲ್ಲ, ಮಂಡಕ್ಕಿ ಮಾತ್ರ ಸೇರುತ್ತದೆ. ನನ್ನ ಜೊತೆ ಪ್ರತಿ ಸಲ ಆಸ್ಪತ್ರೆಗೆ ಬರುವವನು ತಮ್ಮ ಗುರುಶಾಂತ. ಕೊಟ್ಟೂರಿನಲ್ಲಿ ಅವನದು ಗೊಬ್ಬರದ ಅಂಗಡಿ. ಅವತ್ತು ಅಂಗಡಿಗೆ ಬಾಗಿಲು ಹಾಕಿಯೇ ಬರುತ್ತಾನೆ. ನಮ್ಮ ತಾಯಿ ತೀರಿದಾಗ ಅವನಿಗೆ ಆರು ವರ್ಷ. ಸಾಕಿದವಳು ನಾನು. ಈಗ ವಾಂತಿ ಬಂದರೆ ತಟ್ಟೆ ಹಿಡಿಯುವವನು ಅವನು.

ಒಂದು ಸಂತೋಷದ ಸುದ್ದಿ. ನಿನ್ನ ಪತ್ರ ಓದಿದ ಮೇಲೆ ಅವನು ಮಾಡಿದ್ದು ಎಷ್ಟು ಸರಿ ಎಂದು ತಿಳಿಯಿತು. ಹರಪನಹಳ್ಳಿಯ ಒಬ್ಬ ಏಜೆಂಟನಿಂದ ಅವನು ಒಂದು ಹಸಿರು ಡಬ್ಬಿಯ ಪುಡಿ ತಂದು ಕೊಡುತ್ತಿದ್ದಾನೆ. ಆಂಟಿಆಕ್ಸಿಡೆಂಟ್ ಎಂದು ಮೇಲೆಯೇ ಬರೆದಿದೆ. ನೀನು ಹೇಳಿದ ನೊರೆಯನ್ನು ತೆಗೆದುಹಾಕುವುದು ಅದೇ ತಾನೆ? ದಿನಕ್ಕೆ ಎರಡು ಚಮಚ ತೆಗೆದುಕೊಳ್ಳುತ್ತಿದ್ದೆ, ನಿನ್ನ ಪತ್ರ ಬಂದಾಗಿನಿಂದ ನಾಲ್ಕು ಮಾಡಿದ್ದೇನೆ. ಕೀಮೋ ವಾರ್ಡಿನಲ್ಲಿ ಪರಿಚಯವಾದ ಇಬ್ಬರಿಗೂ ಗುರುಶಾಂತ ತಾನೇ ಒಯ್ದು ಕೊಡುತ್ತಾನೆ. ಹಗರಿಬೊಮ್ಮನಹಳ್ಳಿಯ ಶಿವಯೋಗಿ ಎಂಬ ಹಿರಿಯರು ಒಬ್ಬರು. ಹರಪನಹಳ್ಳಿಯ ಮೈಲಾರಲಿಂಗಪ್ಪ ಇನ್ನೊಬ್ಬರು.

ನಿನ್ನಂಥವರು ಒಳಗಿನಿಂದ, ಅವನಂಥವರು ಹೊರಗಿನಿಂದ. ನನಗಿನ್ನೇನು ಭಯ?

ನಿನ್ನ,
ಗಂಗಾಂಬಿಕಕ್ಕ


23 ಮಾರ್ಚ್ 2024

ಅಕ್ಕ,

ಈ ಪತ್ರ ತಲುಪುವ ಮೊದಲೇ ಪುಷ್ಪಲತಾ ಮೇಡಂ ನಿಮಗೆ ಫೋನ್ ಮಾಡಿರುತ್ತಾರೆ. ನಿಮ್ಮ ಪತ್ರ ಓದಿ ಮುಗಿಸಿದ ಕೂಡಲೇ ಅವರ ಕೋಣೆಗೆ ಓಡಿದೆ.

ದಯವಿಟ್ಟು ಆ ಪುಡಿಯನ್ನು ಈಗಲೇ ನಿಲ್ಲಿಸಿ. ಡಬ್ಬಿಯನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಮುಂದೆ ಏನು ಮಾಡಬೇಕೆಂದು ಹೇಳಬೇಕಾದವರು ಅವರು, ನಾನಲ್ಲ.

ತಪ್ಪು ನನ್ನದು. ಪೆರಾಕ್ಸೈಡ್ ಕ್ಯಾನ್ಸರ್ ಕೋಶವನ್ನು ಬೆಳೆಸುತ್ತದೆ ಎಂಬ ಅರ್ಧ ಬರೆದು, ಇನ್ನರ್ಧ ಬಿಟ್ಟಿದ್ದೆ. ಸ್ವಲ್ಪವಿದ್ದರೆ ಅದು ಕೋಶವನ್ನು ಬೆಳೆಸುತ್ತದೆ, ಮಿತಿ ಮೀರಿದರೆ ಕೊಲ್ಲುತ್ತದೆ. ಕೀಮೋದ ಕೆಲವು ಔಷಧಿಗಳು ಮತ್ತು ರೇಡಿಯೇಷನ್ ಕ್ಯಾನ್ಸರ್ ಕೋಶವನ್ನು ಸಾಯಿಸುವುದರಲ್ಲಿ ಆ ನೊರೆಯ ಪಾಲೂ ಇದೆ. ಅದನ್ನು ತೆಗೆಯುವ ಪುಡಿ ತಿಂದರೆ, ಸಾಯಬೇಕಾದ ಕೋಶಕ್ಕೆ ನಾವೇ ನೀರು ಕೊಟ್ಟಂತೆ ಆಗಬಹುದು. ಕೋಶಗಳನ್ನು ಬೆಳೆಸುವ ನಮ್ಮ ಗಾಜಿನ ತಟ್ಟೆಗಳಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ತಟ್ಟೆಯಲ್ಲಿ ಆದದ್ದು ಮನುಷ್ಯರ ಮೈಯಲ್ಲೂ ಹಾಗೆಯೇ ಆಗುತ್ತದೆ ಎಂದು ಹೇಳಲಾರೆ. ಆಗುವುದಿಲ್ಲ ಎಂದೂ ಹೇಳಲಾರೆ. ಹೆದರಬೇಡಿ, ಆದರೆ ತಡ ಮಾಡಬೇಡಿ.

ಊಟದಲ್ಲಿನ ಹಣ್ಣು, ಸೊಪ್ಪು ಬಿಡಬೇಕಿಲ್ಲ. ನಾನು ಹೇಳುತ್ತಿರುವುದು ಪುಡಿಯ ಮಾತು ಮಾತ್ರ. ಆ ಇಬ್ಬರಿಗೂ ದಯವಿಟ್ಟು ತಿಳಿಸಿ.

ಕೀರ್ತನಾ


ಕೊಟ್ಟೂರು
6 ಮೇ 2024

ಕೀರ್ತನಾ ಅವರಿಗೆ,

ನಾನು ಗಂಗಾಂಬಿಕಾ ಅವರ ತಮ್ಮ ಗುರುಶಾಂತ. ನಿಮ್ಮ ಎರಡೂ ಪತ್ರಗಳನ್ನು ಅಕ್ಕನ ಮನೆಯಲ್ಲಿ ಓದಿದ್ದೇನೆ. ಒಂದೂವರೆ ತಿಂಗಳು ಸುಮ್ಮನಿದ್ದೆ. ಇನ್ನು ಆಗುವುದಿಲ್ಲ.

ಅಕ್ಕ ಅವತ್ತೇ ಪುಡಿ ನಿಲ್ಲಿಸಿದಳು. ಮುಂದಿನ ಕೀಮೋಗೆ ಹೋದಾಗ ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲಿಟ್ಟಳು. ಅವರು ಡಬ್ಬಿ ತಿರುಗಿಸಿ ನೋಡಿ, "ತಂದು ತೋರಿಸಿದ್ದು ಒಳ್ಳೆಯದಾಯಿತು. ಇನ್ನು ಮುಂದೆ ಬೇಡ" ಎಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವರಾಂಡಕ್ಕೆ ಬಂದ ಮೇಲೆ ಅಕ್ಕನಿಗೆ ಕೇಳಿದೆ, "ನಾ ನಿನಗ ವಿಷ ಹಾಕಿದ್ನೇನ್?" ಅವಳು, "ಏ ಹುಚ್ಚ, ಹಂಗ್ಯಾಕ ಅಂತೀಲೇ?" ಎಂದಳು. ಆದರೆ ಇಲ್ಲ ಅನ್ನಲಿಲ್ಲ. ಅದಾದ ಮೇಲೆ ನಾನು ಅವಳ ಜೊತೆ ಆಸ್ಪತ್ರೆಗೆ ಹೋಗಿಲ್ಲ. ಅವಳ ನಾದಿನಿ ಹೋಗುತ್ತಿದ್ದಾಳೆ.

ನಾನು ಬಿಎಸ್ಸಿ ಮಾಡಿದವನಲ್ಲ. ಗೊಬ್ಬರದ ಚೀಲದ ಮೇಲೆ ಬರೆದದ್ದನ್ನು ನಂಬಿ ರೈತರಿಗೆ ಕೊಡುವವನು. ಡಬ್ಬಿಯ ಮೇಲೆ ಬರೆದದ್ದನ್ನೂ ಹಾಗೆಯೇ ನಂಬಿದೆ. ನೀವು ಓದಿದವರು. ಒಂದಕ್ಕೆ ಉತ್ತರ ಹೇಳಿ. ಅಕ್ಕ ಎರಡು ತಿಂಗಳು ಆ ಪುಡಿ ತಿಂದಳು. ಅದರಿಂದ ಕೆಟ್ಟದ್ದಾಗಿದೆಯೋ ಇಲ್ಲವೋ? ಆ ಇಬ್ಬರ ಮನೆಗೆ ಯಾವ ಮುಖ ಹೊತ್ತು ಹೋಗಲಿ? ಇನ್ನೂ ಹೋಗಿಲ್ಲ.

ಗುರುಶಾಂತ


13 ಮೇ 2024

ಗುರುಶಾಂತಣ್ಣ,

ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಪುಡಿ ತಿನ್ನದಿದ್ದ ಗಂಗಾಂಬಿಕಕ್ಕ ಇನ್ನೊಬ್ಬರಿಲ್ಲವಲ್ಲ, ಪಕ್ಕದಲ್ಲಿಟ್ಟು ನೋಡಲು. ಸಮಾಧಾನಕ್ಕೆಂದು ನಿಮಗೆ ಸುಳ್ಳು ಹೇಳಲಾರೆ.

ಬದಲಿಗೆ, ಇದುವರೆಗೆ ಯಾರಿಗೂ ಹೇಳದ್ದನ್ನು ಹೇಳುತ್ತೇನೆ. ನಮ್ಮಪ್ಪನ ಅಕ್ಕ ಜಂಬಕ್ಕ. ನನ್ನನ್ನು ಓದಿಸಲೇಬೇಕೆಂದು ಅಪ್ಪನ ಜೊತೆ ಜಗಳ ಆಡಿದವಳು. "ಹೆಣ್ಣು ಹುಡುಗಿ ಕುರಿ ಹಿಂದ ಎಷ್ಟು ದಿನ ಅಡ್ಡಾಡ್ತೈತಿ? ಕಾಲೇಜಿಗೆ ಹಾಕೋ" ಎಂದವಳು. ನಾನು ತಾಲ್ಲೂಕು ಕೇಂದ್ರ ಹಡಗಲಿಯಲ್ಲಿದ್ದು ಎರಡನೇ ವರ್ಷದ ಬಿಎಸ್ಸಿ ಓದುವಾಗ ಅವಳಿಗೆ ಗಂಟಲಿನ ಕ್ಯಾನ್ಸರ್ ಆಯಿತು. ರೇಡಿಯೇಷನ್ ಕೊಡುತ್ತಿದ್ದರು. ಯಾವುದೋ ಪತ್ರಿಕೆಯಲ್ಲಿ ಓದಿ ನಾನು ವಿಟಮಿನ್ ಗುಳಿಗೆ ಕೊಂಡು ಬಸ್ಸಿನವರ ಕೈಲಿ ಕಳಿಸಿದೆ. ದಿನಕ್ಕೆ ಮೂರು ತಪ್ಪದೆ ತಗೋ ಎಂದು ಚೀಟಿಯನ್ನೂ ಇಟ್ಟೆ. ವರ್ಷದೊಳಗೆ ರೋಗ ಮರಳಿ ಬಂತು, ಅತ್ತೆ ತೀರಿಕೊಂಡಳು. ಆಮೇಲೆ ಎಂಎಸ್ಸಿಯಲ್ಲಿ, ರೇಡಿಯೇಷನ್ ಸಮಯದಲ್ಲಿ ಅಂಥ ಗುಳಿಗೆ ತಿಂದ ಕೆಲವರಿಗೆ ರೋಗ ಮರಳುವುದು ಹೆಚ್ಚು ಎಂದು ಓದಿದೆ. ಪುಸ್ತಕ ಮುಚ್ಚಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತೆ. ನಾನು ಈ ಕೆಲಸಕ್ಕೆ ಬಂದದ್ದು ಅದಕ್ಕೆ.

ಅಂದರೆ ನೀವು ಮಾಡಿದ್ದನ್ನು ನಾನೂ ಮಾಡಿದ್ದೇನೆ, ಅದೂ ಓದಿದವಳಾಗಿ. ನಿಮಗೂ ನನಗೂ ಒಂದೇ ವ್ಯತ್ಯಾಸ. ನಿಮ್ಮ ಅಕ್ಕ ಬದುಕಿದ್ದಾರೆ. ಆ ಇಬ್ಬರಿಗೆ ಹೇಳಲು ನಿಮಗೆ ಇನ್ನೂ ಸಮಯವಿದೆ. ಪುಷ್ಪಲತಾ ಮೇಡಂ ವಾರ್ಡಿನ ಎಲ್ಲ ರೋಗಿಗಳಿಗೂ ಪುಡಿಗಳ ವಿಷಯ ಹೇಳುತ್ತಿದ್ದಾರೆ. ಆದರೂ ನೀವೇ ಹೋಗಿ ಹೇಳುವುದು ಬೇರೆ.

ನಿಮ್ಮ ತಂಗಿಯಂಥವಳು,
ಕೀರ್ತನಾ


ಕೂಡ್ಲಿಗಿ
18 ಜುಲೈ 2024

ಪ್ರೀತಿಯ ಕೀರ್ತನಾ,

ಕೀಮೋ ಮುಗಿದು ರೇಡಿಯೇಷನ್ ನಡೆಯುತ್ತಿದೆ. ಚರ್ಮ ಕಪ್ಪಾಗಿದೆ. ಸ್ಕ್ಯಾನಿನಲ್ಲಿ ಸದ್ಯಕ್ಕೆ ಏನೂ ಕಾಣುವುದಿಲ್ಲ ಎಂದರು. "ಸದ್ಯಕ್ಕೆ" ಎಂಬ ಮಾತನ್ನು ಮೊದಲು ಕೇಳಿದಾಗ ಹೆದರಿಕೆಯಾಗಿತ್ತು. ಈಗ ಅದೇ ಸಾಕು ಎನಿಸುತ್ತದೆ. ಯಾರಿಗಾದರೂ ಅದಕ್ಕಿಂತ ಹೆಚ್ಚು ಎಲ್ಲಿ ಸಿಕ್ಕಿದೆ?

ನೀನು ಗುರುಶಾಂತನಿಗೆ ಏನು ಬರೆದೆಯೋ ಅವನು ನನಗೆ ತೋರಿಸಿಲ್ಲ. ಮೇ ಕೊನೆಗೆ ಒಂದು ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತ. "ಅಕ್ಕ, ನನ್ನ ಜೊತಿ ಬರ್ತೀಯಾ? ಒಬ್ನ ಹೋಗಾಕ ಆಗವಲ್ದು" ಎಂದ. ತಲೆಗೆ ಸೆರಗು ಸುತ್ತಿಕೊಂಡು ಹೊರಟೆ.

ಮೊದಲು ಹಗರಿಬೊಮ್ಮನಹಳ್ಳಿಗೆ ಹೋದೆವು. ಶಿವಯೋಗಿಯವರು ಕಟ್ಟೆಯ ಮೇಲೆ ಕುಳಿತಿದ್ದರು. ಗುರುಶಾಂತ ಕೈ ಮುಗಿದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಅವರು ಕೇಳಿ, "ಇದನ್ನ ಹೇಳಾಕ ಕೊಟ್ಟೂರಿಂದ ಬಂದ್ಯೇನಪ್ಪಾ? ತಪ್ಪಾತಂತ ಹೇಳಾಕ ಯಾರ ಬರ್ತಾರ ಈಗಿನ ಕಾಲದಾಗ? ಪುಡಿ ಬಿಡ್ತೀನಿ, ಆದ್ರ ನೀವಿಬ್ರೂ ಉಣ್ಣದ ಹೋಗಂಗಿಲ್ಲ" ಎಂದರು. ಜೋಳದ ರೊಟ್ಟಿ, ಪುಂಡಿಪಲ್ಯ. ಐದು ತಿಂಗಳಲ್ಲಿ ನನಗೆ ಮೊದಲ ಸಲ ಬಾಯಿಗೆ ರುಚಿ ಹತ್ತಿತು.

ಅಲ್ಲಿಂದ ಹರಪನಹಳ್ಳಿ. ಮೈಲಾರಲಿಂಗಪ್ಪನವರು ಹದಿನೈದು ದಿನದ ಹಿಂದೆ ತೀರಿಕೊಂಡಿದ್ದರು. ನಮಗೆ ಗೊತ್ತಿರಲಿಲ್ಲ. ಅವರ ಹೆಂಡತಿ ಹೊನ್ನೂರಮ್ಮ ಗುರುಶಾಂತನ ಕೈ ಹಿಡಿದು, "ನಿಮ್ಮಿಂದ ಅವರಿಗೆ ಭಾಳ ಧೈರ್ಯ ಇತ್ತಪ್ಪ" ಎಂದರು. ಪುಡಿಯ ಮಾತನ್ನು ಅವನು ಎತ್ತಲೇ ಇಲ್ಲ. ಚಹಾ ಕುಡಿದು ಎದ್ದು ಬಂದೆವು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೊಟ್ಟೂರಿನವರೆಗೂ ಅತ್ತ. ನಾನೂ ಅವನಿಗೆ ಹೇಳಬೇಕಿದ್ದನ್ನು ಅವತ್ತು ಹೇಳಲಿಲ್ಲ. ಪುಡಿಯ ವಿಷಯ ತಿಳಿದಾಗ ನಿನ್ನ ಮೇಲೆ ನನಗೆ ಒಂದು ಕ್ಷಣ ಸಿಟ್ಟು ಬಂದಿತ್ತು, ಅವನ ಮೇಲೆ ಒಂದು ದಿನ ಸಿಟ್ಟು ಬಂದಿತ್ತು ಎಂದು. ಈಗ ಇಲ್ಲ. ನಿನಗಾದರೂ ಹೇಳಿದೆ, ಹಗುರಾಯಿತು.

ಗಂಗಾಂಬಿಕಕ್ಕ


ಕೊಟ್ಟೂರು
30 ಸೆಪ್ಟೆಂಬರ್ 2024

ತಂಗಿ ಕೀರ್ತನಾಗೆ,

ಅಕ್ಕ ಕಳೆದ ಸೋಮವಾರ ಡ್ಯೂಟಿಗೆ ಹಾಜರಾದಳು. ಸದ್ಯ ಕೂಡ್ಲಿಗಿ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರಿಸಿದ್ದಾರೆ. ಆಪರೇಷನ್ ಆದ ಕಡೆಯ ಕೈ ಬಾವು ಇಳಿದ ಮೇಲೆ ಬಸ್ಸಿಗೆ. ಅವತ್ತು ನಾನು ಕೌಂಟರಿನ ಎದುರು ನಿಂತು, "ಹರಪನಹಳ್ಳಿ ಬಸ್ಸು ಎಷ್ಟೊತ್ತಿಗೈತ್ರಿ ಮೇಡಂ?" ಎಂದೆ. ಅವಳು ನನ್ನ ಮುಖ ನೋಡಿ, "ಹೇಳಾಕ ಹೊಂಟೀಯೇನ್?" ಎಂದಳು. ಹೌದು ಎಂದೆ. ಈ ಸಲ ಒಬ್ಬನೇ ಹೋದೆ.

ಹೊನ್ನೂರಮ್ಮನವರು ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದರು. ನಾನೂ ಎದುರಿಗೆ ಕುಳಿತು ಬಿಡಿಸತೊಡಗಿದೆ. ಅರ್ಧ ಮೊರ ಆದ ಮೇಲೆ ಹೇಳಿದೆ. ನಾನು ಕೊಟ್ಟ ಪುಡಿ ಔಷಧಿಗೆ ಅಡ್ಡ ಬಂದಿರಬಹುದು, ಅವರು ಹೋದದ್ದರಲ್ಲಿ ನನ್ನ ಪಾಲೂ ಇರಬಹುದು, ಆವತ್ತು ಹೇಳಲು ಧೈರ್ಯ ಆಗಲಿಲ್ಲ ಎಂದೆ.

ಅವರು ಮೊರ ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು:

"ಅವರಿಗೆ ಆ ಪುಡಿ ಒಂದು ಚಮಚನೂ ಕೊಟ್ಟಿಲ್ಲಪ್ಪ. ಹೊರಗಿಂದು ಏನೂ ಕೊಡಬ್ಯಾಡ್ರಿ ಅಂತ ಡಾಕ್ಟ್ರು ಮೊದಲ ದಿನವೇ ಹೇಳಿದ್ರು. ನಿಮಗೆ ಬ್ಯಾಡ ಅನ್ನಾಕೆ ಬಾಯಿ ಬರಲಿಲ್ಲ. ಕಾಯಿಲೆ ಅಂತ ಗೊತ್ತಾದ ಮ್ಯಾಲೆ ನಮ್ಮನೇಗೆ ಬರೋರೇ ಕಮ್ಮಿ ಆಗಿದ್ರು. ನೀವು ಡಬ್ಬಿ ಕೊಡೋ ನೆಪದಾಗೆ ವಾರಕ್ಕೊಮ್ಮೆ ಬಂದು ಒಂದು ತಾಸು ಮಾತಾಡ್ತಿದ್ರಿ. ಡಬ್ಬಿ ಬ್ಯಾಡ ಅಂದ್ರೆ ನೀವೂ ಬರೋದು ನಿಲ್ಲಿಸ್ತೀರ ಅಂತ ಅವರೇ ಅಂದ್ರು, ತಗೊಂಡು ಇಡು ಅಂತ."

ಒಳಗೆ ಹೋಗಿ ಕಪಾಟಿನ ಬಾಗಿಲು ತೆಗೆದು ತೋರಿಸಿದರು. ಆರು ಡಬ್ಬಿ. ಒಂದರ ಸೀಲೂ ಒಡೆದಿರಲಿಲ್ಲ.

ಅವರ ಕಪಾಟಿನ ಮುಂದೆ ನಾನು ಅತ್ತುಬಿಟ್ಟೆ ತಂಗಿ. ನಾಲ್ಕು ತಿಂಗಳು ಹೊತ್ತದ್ದು ಇಳಿದದ್ದಕ್ಕೆ ಅತ್ತೆನೋ, ಆ ಮನುಷ್ಯ ನನ್ನ ದಾರಿ ಕಾಯುತ್ತಿದ್ದ ಎಂದು ಅತ್ತೆನೋ ಗೊತ್ತಿಲ್ಲ. ಇನ್ನು ಮೇಲೆ ವಾರಕ್ಕೊಮ್ಮೆ ಬರಿಗೈಯಲ್ಲಿ ಹೋಗುತ್ತೇನೆ. ನಿನ್ನ ಪತ್ರ ಬರದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ದೇವರು ನಿನಗೆ ಒಳ್ಳೆಯದು ಮಾಡಲಿ.

ಗುರುಶಾಂತ


ಹಿರೇಹಡಗಲಿ
13 ಅಕ್ಟೋಬರ್ 2024

ಗಂಗಾಂಬಿಕಕ್ಕ, ಗುರುಶಾಂತಣ್ಣ,

ಇಬ್ಬರಿಗೂ ಒಂದೇ ಪತ್ರ. ದಸರಾ ರಜೆಗೆ ಊರಿಗೆ ಬಂದಿದ್ದೇನೆ. ಅಣ್ಣನ ಪತ್ರವನ್ನು ಬರುವಾಗ ಬಸ್ಸಿನಲ್ಲಿ ಮೂರು ಸಲ ಓದಿದೆ. ಅಕ್ಕ, ನಾನು ಅಣ್ಣನಿಗೆ ಏನು ಬರೆದೆ ಎಂದು ನೀವು ಕೇಳಲೇ ಇಲ್ಲ. ಅದು ನಮ್ಮ ಜಂಬಕ್ಕ ಅತ್ತೆಯ ವಿಷಯ. ಅವಳಿಗೆ ರೇಡಿಯೇಷನ್ ನಡೆಯುವಾಗ ನಾನೂ ಗುಳಿಗೆ ಕಳಿಸಿದ್ದೆ. ಅವಳು ಉಳಿಯಲಿಲ್ಲ. ಅದು ಕೇಡು ಮಾಡಿರಬಹುದು ಎಂದು ಆಮೇಲೆ ಓದಿ ತಿಳಿದರೂ ಇಷ್ಟು ವರ್ಷ ಅಪ್ಪ ಅವ್ವನಿಗೆ ಹೇಳಿರಲಿಲ್ಲ.

ಇವತ್ತು ಬೆಳಿಗ್ಗೆ ಹೇಳಿದೆ. ಅಪ್ಪ ಓಬಳೇಶಪ್ಪ ಕುರಿಮರಿಗೆ ಹಾಲು ಕುಡಿಸುತ್ತಿದ್ದ. ಅವ್ವ ಗಾದೆಮ್ಮ ಹಟ್ಟಿ ಗುಡಿಸುತ್ತಿದ್ದಳು. ಅತ್ತೆ ಗುಳಿಗೆ ನುಂಗಿರಲಿಕ್ಕಿಲ್ಲವೇನೋ ಎಂಬ ಆಸೆ ನನಗೂ ಇತ್ತು, ಸುಳ್ಳು ಹೇಳುವುದಿಲ್ಲ. ಹೊನ್ನೂರಮ್ಮನವರ ಕಪಾಟು ಕಣ್ಣ ಮುಂದಿತ್ತು.

ಅವ್ವ ಪೊರಕೆ ಕೆಳಗಿಟ್ಟು ಹೇಳಿದಳು, "ಎಲ್ಲಾ ನುಂಗ್ಯಾಳವ್ವ. ಒಂದೂ ಬಿಟ್ಟಿಲ್ಲ. ಗಂಟಲು ಸುಟ್ಟು ನೀರು ಇಳೀತಿರ್ಲಿಲ್ಲ, ಆದ್ರೂ ಪುಡಿ ಮಾಡ್ಕೊಂಡು ನುಂಗ್ತಿದ್ಲು. ನಮ್ಮ ಹುಡುಗಿ ಓದಿ ಕಳಿಸ್ಯಾಳ ಅಂತಿದ್ಲು."

ನಾನು ಅಳುತ್ತ ಹಟ್ಟಿಯ ಕಲ್ಲಿನ ಮೇಲೆ ಕುಳಿತೆ. ಅಪ್ಪ ಮರಿಯನ್ನು ಇಳಿಸಿ, ಕುರಿ ಹೊಡೆದುಕೊಂಡು ಹೋದ. ಮಧ್ಯಾಹ್ನ ವಾಡಿಕೆಗಿಂತ ಮುಂಚೆ ಬಂದ. ನನ್ನ ಪಕ್ಕ ಕುಳಿತು, "ಅಕ್ಕ ಸಾಯೋ ಮುಂದ ನನಗ ಒಂದ ಮಾತು ಹೇಳಿದ್ಲು. ಏನಾರ ಆಗ್ಲಿ, ಹುಡುಗಿ ಓದು ಬಿಡಿಸಬ್ಯಾಡ ಅಂತ. ನೀ ತಿಳೀದ ಮಾಡಿದಿ. ತಿಳಕೊಳ್ಳಾಕ ಇಷ್ಟು ವರ್ಷ ಓದಿದಿ. ನಾ ಇನ್ನೇನು ಹೇಳ್ಲಿ?" ಎಂದ. ಅಳಬೇಡ ಎನ್ನಲಿಲ್ಲ. ನನ್ನ ತಪ್ಪಿಲ್ಲ ಎಂದೂ ಅನ್ನಲಿಲ್ಲ. ಅದಕ್ಕೇ ನನಗೆ ಅವನ ಮಾತು ಹಿಡಿಸಿತು.

ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಮೈಲಾರೇಶಗ ಹೇಳೀಯೇನು?" ಮೈಲಾರೇಶ ಜಂಬಕ್ಕನ ಮಗ, ಊರಾಚೆ ಹೊಲದ ಮನೆಯಲ್ಲಿದ್ದಾನೆ. ಇಲ್ಲ ಎಂದೆ. "ಹಂಗಾರ ಹೇಳಬೇಕು. ಅವನು ಸಿಟ್ಟಾದ್ರ ಆಗ್ಲಿ. ನಾ ಬರ್ತೀನಿ ನಿನ್ನ ಜೊತಿ."

ಕೂದಲಿಲ್ಲದ ತಲೆಗೆ ಸೆರಗು ಸುತ್ತಿಕೊಂಡು ತಮ್ಮನ ಜೊತೆ ಹೊರಟ ನಿಮ್ಮನ್ನು ನೆನೆಸಿಕೊಳ್ಳುತ್ತಿದ್ದೇನೆ ಅಕ್ಕ. ನೀವು ಮೊದಲ ಪತ್ರ ಬರೆಯದಿದ್ದರೆ ನಾನು ಈ ಊರಿಗೆ ಬರುತ್ತಿದ್ದೆ, ಉಂಡು ಹೋಗುತ್ತಿದ್ದೆ, ಏನೂ ಹೇಳುತ್ತಿರಲಿಲ್ಲ. ಮೈಲಾರೇಶ ಏನನ್ನುತ್ತಾನೋ ತಿಳಿಯದು.

ಅಪ್ಪ ಮುಖ ತೊಳೆದು, ಬೇರೆ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಹೊರಡುತ್ತೇನೆ.

ನಿಮ್ಮ,
ಕೀರ್ತನಾ